ಮೂವತ್ತೊಂಬತ್ತು ಸದ್ದುಗಳು

ಮಾರ್ಚ್ 4

ಪ್ರೀತಿಯ ಸಿಡುಕಿಗೆ,

ನಿನ್ನೆ ಫೋನನ್ನು ಮೊದಲು ಕುಕ್ಕಿದ್ದು ನೀನೋ ನಾನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಕುಕ್ಕುವ ಹೊತ್ತಿಗೆ ಆ ಕಡೆಯಿಂದ ಉಸಿರೂ ಕೇಳುತ್ತಿರಲಿಲ್ಲ, ಹಾಗಾಗಿ ನೀನೇ ಇರಬೇಕು. "ಇನ್ಮೇಲೆ ಫೋನ್ ಮಾಡ್ಬೇಡ, ಎರಡು ನಿಮಿಷಕ್ಕೆ ಜಗಳ ಆಗುತ್ತೆ, ಏನಿದ್ರೂ ಕಾಗದ ಬರಿ" ಅಂದೆಯಲ್ಲ, ಇಗೋ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಇದ್ದ ಎರಡು ವರ್ಷವೂ ಪತ್ರಲೇಖನದಲ್ಲಿ ನಾನೇ ಮೊದಲು. 'ವಿತ್ ರೆಫರೆನ್ಸ್ ಟು ಯುವರ್ ಲೆಟರ್' ಎಂದು ಶುರು ಮಾಡಿಬಿಟ್ಟರೆ ಇಂಗ್ಲಿಷ್ ಮೇಷ್ಟ್ರು ಮುಂದಿನದನ್ನು ಓದದೆಯೇ ಮಾರ್ಕು ಹಾಕುತ್ತಿದ್ದರು. ಮುಂದಿನದು ಈಗ ನೆನಪಿಲ್ಲ. ಆಗಲೂ ಇರಲಿಲ್ಲ.

ಟು ಬಿ ಬ್ರೀಫ್, ಕಟ್ಟಡದ ಯಜಮಾನಿ ಬಾಡಿಗೆ ಏರಿಸಿದ್ದು ನಿಜ. ಜನ ಹೊಲಿದ ಬಟ್ಟೆಯನ್ನೇ ಕೊಳ್ಳುತ್ತಾರೆ, ಹೊಲಿಗೆ ಮಿಷನ್ ಇಟ್ಟವರು ಕಡಿಮೆ, ಕೆಟ್ಟ ಮಿಷನ್ ತರುವವರು ಇನ್ನೂ ಕಡಿಮೆ, ಅದೂ ನಿಜ. ನಾನು ಅಂಗಡಿ ಮುಚ್ಚಿ ಬಂದಿರಲೆಂದು ನಿಮ್ಮ ಹಿಂದಿನ ಕೋಣೆಗೆ ಅಳಿಯಂದಿರು ಬಣ್ಣ ಬಳಿಸಿದ್ದಾರೆ, ಅವರಿಗೆ ಒಳ್ಳೆಯದಾಗಲಿ. ಆದರೆ ಮೆಟ್ಟಿಲ ಕೆಳಗಿನ ಈ ಅಂಗಡಿಯಲ್ಲಿ ನಾನು ಮೂವತ್ತೊಂದು ವರ್ಷ ಕೂತಿದ್ದೇನೆ. ಒಟ್ಟಿಗೆ ಮೂರು ಮಿಷನ್ ಬಂದರೆ ನಾನು ಹೊರಗೆ ಹೋಗಬೇಕು, ಅಷ್ಟೇ ಜಾಗ. ಆದರೂ ಇಲ್ಲಿ ನಾನು ಮೆಕ್ಯಾನಿಕ್ಕು. ನಿಮ್ಮ ಹಿಂದಿನ ಕೋಣೆಯಲ್ಲಿ ನಾನು ಯಾರು? ಹಾಲು ಬಂತಾ ಎಂದು ಬಾಗಿಲು ನೋಡುವವನು.

ಈಗ ಹೊಸ ಸುದ್ದಿ. ನಾನೊಂದು ಬ್ಲಾಗ್ ಶುರು ಮಾಡಿದ್ದೇನೆ. ನಗಬೇಡ. ಪಕ್ಕದ ಅಂಗಡಿಯ ಕನ್ನಡಕದವನು ಮಾಡಿಕೊಟ್ಟ. ಅವನದೂ ಒಂದಿದೆ, ಕಣ್ಣಿನ ಆರೋಗ್ಯದ ಬಗ್ಗೆ. ಅದನ್ನು ಇಲ್ಲಿಯವರೆಗೆ ಅವನು, ಅವನ ತಮ್ಮ, ಈಗ ನಾನು ಓದಿದ್ದೇವೆ. ನನ್ನದರ ಹೆಸರು 'ಸೂಜಿ ಸರಿಯಾಗಿ ಹಾಕಿ'. ರಿಪೇರಿಗೆ ಬರುವ ಮಿಷನ್ನುಗಳಲ್ಲಿ ಅರ್ಧಕ್ಕೆ ಬೇರೆ ಯಾವ ರೋಗವೂ ಇರುವುದಿಲ್ಲ, ಸೂಜಿಯ ಚಪ್ಪಟೆ ಬದಿ ತಿರುಗಿರುತ್ತದೆ, ಅಷ್ಟೆ. ಅದನ್ನು ಹೇಳಿಕೊಟ್ಟರೆ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆಂದು ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳುತ್ತಿದ್ದೇನೆ. ಹೇಳಿದರೂ ದುಡ್ಡು ಬರುತ್ತದಂತೆ.

ಪಂದ್ಯ ಕಟ್ಟೋಣ. ನವೆಂಬರ್ ಮುಗಿಯುವುದರೊಳಗೆ ಯಾವುದಾದರೂ ಒಂದು ತಿಂಗಳು, ಒಂದೇ ಒಂದು ತಿಂಗಳು, ಈ ಬ್ಲಾಗು ಅಂಗಡಿಯ ಪೂರ್ತಿ ಬಾಡಿಗೆ ದುಡಿದರೆ ನೀನು ಮತ್ತೆ ಈ ಮಾತು ಎತ್ತಬಾರದು. ದುಡಿಯದಿದ್ದರೆ ಬೀಗದ ಕೈ ಯಜಮಾನಿಗೆ ಕೊಟ್ಟು ನಿಮ್ಮಲ್ಲಿಗೆ ಬರುತ್ತೇನೆ, ಬಾಗಿಲಲ್ಲಿ ಕೂತು ಹಾಲು ಕಾಯುತ್ತೇನೆ.

ಯುವರ್ಸ್ ಫೇತ್‌ಫುಲಿ,
ಅಪ್ಪ


ಮಾರ್ಚ್ 15

ಅಪ್ಪಾ,

ಒಪ್ಪಿದೆ. ಆದರೆ ಬರವಣಿಗೆಯಲ್ಲಿ ಇರಲಿ: ಒಂದು ತಿಂಗಳು, ಪೂರ್ತಿ ಬಾಡಿಗೆ, ಬ್ಲಾಗಿನಿಂದಲೇ. ಅಂಗಡಿಯ ಗಲ್ಲಾದಿಂದ ತೆಗೆದು ಸೇರಿಸಿ "ಬ್ಲಾಗು ಕೊಟ್ಟಿತು" ಅನ್ನುವ ಹಾಗಿಲ್ಲ. ನಿನ್ನ ವಿಷಯ ನನಗೆ ಗೊತ್ತಿಲ್ಲವೇ?

ನಾನು ಲ್ಯಾಬಿನಲ್ಲಿ ದಿನಕ್ಕೆ ಎಂಬತ್ತು ಜನರ ರಕ್ತ ತೆಗೆಯುತ್ತೇನೆ. ನಿನ್ನ ವಯಸ್ಸಿನವರು ಬರುತ್ತಾರೆ, ಜೊತೆಗೆ ಯಾರೋ ಒಬ್ಬರು ಚೀಟಿ ಹಿಡಿದುಕೊಂಡು ನಿಂತಿರುತ್ತಾರೆ. ನಿನಗೆ ಅಲ್ಲಿ ಚೀಟಿ ಹಿಡಿಯುವವರು ಯಾರು, ಕನ್ನಡಕದವನಾ? ನಾನು ಕೇಳಿದ್ದು ಅಷ್ಟು. ನೀನು ಅದನ್ನು ನಿನ್ನ ಮರ್ಯಾದೆಯ ಪ್ರಶ್ನೆ ಮಾಡಿದೆ.

ನಿನಗೆ ಅಂಗಡಿ ಅಂದರೆ ಅಂಗಡಿ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಒಂಬತ್ತು ಗಂಟೆಗೆ ಸರಿಯಾಗಿ ಎದ್ದು ಹೋಗಿ ಷಟರ್ ಎತ್ತಿದವನು ನೀನು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದಾಯಿತು, ಹೊಡೆದು ಹಾಕುವುದಿಲ್ಲ.

ಕೋಣೆಯ ಬಣ್ಣ ತಿಳಿ ಹಸಿರು. ನೀನು ಕೇಳಲಿಲ್ಲ, ಹೇಳಿದೆ.

ಸಿಡುಕಿ


ಮೇ 26

ಪ್ರೀತಿಯ ಸಿಡುಕಿಗೆ,

ಕೂತಿದ್ದರೆ ಓದು, ನಿಂತಿದ್ದರೆ ಕೂತುಕೋ. ಬ್ಲಾಗಿನಲ್ಲಿ ಈಗ ಜಾಹೀರಾತು ಬರುತ್ತಿದೆ. ನಾನು ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ. ಒಂದು ದೊಡ್ಡ ಕಂಪನಿ ಇದೆ, ಅದೇ ನನ್ನ ಬರಹದ ಪಕ್ಕದಲ್ಲಿ ಚಪ್ಪಲಿಯದೋ ಚಹಾಪುಡಿಯದೋ ಚಿತ್ರ ಅಂಟಿಸುತ್ತದೆ. ಯಾರಾದರೂ ಅದನ್ನು ಒತ್ತಿದರೆ ನನ್ನ ಹೆಸರಿಗೆ ಚೂರು ಕಾಸು. ಗೋಡೆ ನನ್ನದು, ಪೋಸ್ಟರು ಅವರದು, ಬಾಡಿಗೆ ನನಗೆ. ಜೀವಮಾನವೆಲ್ಲ ಬಾಡಿಗೆ ಕೊಟ್ಟವನು ಮೊದಲ ಸಲ ವಸೂಲಿ ಮಾಡುತ್ತಿದ್ದೇನೆ.

ಈ ತಿಂಗಳು ಈಗಾಗಲೇ ಬಾಡಿಗೆಯ ಮೂರನೇ ಒಂದು ಭಾಗ ಬಂದಿದೆ. ದುಡ್ಡು ಕೈಗೆ ಸಿಗುವುದು ಮುಂದಿನ ತಿಂಗಳು, ಸದ್ಯಕ್ಕೆ ಪರದೆಯ ಮೇಲೆ ಅಂಕಿಯಾಗಿ ಕೂತಿದೆ. ಕನ್ನಡಕದವನು ದಿನಾ ಬಂದು ಆ ಅಂಕಿ ನೋಡಿ, ನಿಟ್ಟುಸಿರು ಬಿಟ್ಟು, ತನ್ನ ಅಂಗಡಿಗೆ ಹೋಗಿ ತನ್ನ ಸೊನ್ನೆಯನ್ನು ನೋಡುತ್ತಾನೆ.

ಅತಿ ಹೆಚ್ಚು ಜನ ಓದಿದ್ದು ಏಳನೇ ಪಾಠ. ಬಟ್ಟೆಯ ಕೆಳಗಡೆ ದಾರ ಗುಬ್ಬಚ್ಚಿ ಗೂಡಿನ ಹಾಗೆ ಗಂಟಾಗುತ್ತದಲ್ಲ, ಆಗ ಎಲ್ಲರೂ ಕೆಳಗೆ ದಾರ ಸುತ್ತಿಟ್ಟ ಬಾಬಿನ್ನನ್ನು ಬೈಯುತ್ತಾರೆ. ಪಾಪದ ಬಾಬಿನ್. ತಪ್ಪು ಮೇಲಿನ ದಾರದ್ದು. ಅದನ್ನು ಬರೆಯುತ್ತಾ ಬರೆಯುತ್ತಾ ಎಲ್ಲೆಲ್ಲಿಗೋ ಹೋಗಿ, ಕಾಲೇಜು ಬಿಟ್ಟದ್ದು, ನಿನ್ನ ತಾತ ನನ್ನನ್ನು ಬೈದದ್ದು, ಎಲ್ಲ ಬಂತು. ಪರದೆ ಹೊಲಿಯುವ ಅಮ್ಮ ಇದ್ದಾಳಲ್ಲ, ಮೂಲೆ ಮನೆಯವಳು, ಓದಿಬಿಟ್ಟು ಬಂದು ಹೇಳಿದಳು, "ಸೂಜಿ ಕೇಳಿದ್ರೆ ಜಾತಕ ಹೇಳ್ತೀರಲ್ಲ." ಓದಿದಳಲ್ಲ, ಸಾಕು.

ನಾನು ಇದನ್ನು ಶಿಸ್ತಿನಿಂದ ಮಾಡುತ್ತಿದ್ದೇನೆ. ಬೆಳಿಗ್ಗೆ ಷಟರ್ ಎತ್ತಿ, ಬೆಂಚು ಒರೆಸಿ, ಮೊದಲ ಕೆಲಸ ಬ್ಲಾಗ್ ತೆಗೆದು ಒಂದೊಂದೇ ಜಾಹೀರಾತನ್ನು ಒಂದು ಸಲ ಒತ್ತುತ್ತೇನೆ. ಎಲ್ಲಕ್ಕೂ ಸಮವಾಗಿ, ಯಾರಿಗೂ ಬೇಜಾರಾಗಬಾರದು. ಕನ್ನಡಕದವನೂ ಒತ್ತುತ್ತಾನೆ, ಪರದೆಯಮ್ಮನೂ ಅವಳ ಇಬ್ಬರು ತಂಗಿಯರೂ ಒತ್ತುತ್ತಾರೆ. ನಾನೇ ಹೇಳಿಟ್ಟಿದ್ದೇನೆ.

ಹಸಿರು ಬಣ್ಣ ಕಣ್ಣಿಗೆ ತಂಪು, ನಿಮ್ಮ ಬಟ್ಟೆ ಇಸ್ತ್ರಿ ಮಾಡುವುದಕ್ಕೆ ಆ ಕೋಣೆ ಬಳಸಿಕೊಳ್ಳಿ.

ಐ ರಿಮೇನ್, ಸರ್,
(ಸರ್ ಅಲ್ಲ, ಕೈ ತಪ್ಪಿ ಬಂತು)
ಅಪ್ಪ


ಜೂನ್ 3

ಅಪ್ಪಾ,

ನಿನ್ನ ಕಾಗದ ಇವತ್ತು ಸಿಕ್ಕಿತು. ಜಾಹೀರಾತನ್ನು ನೀನೇ ಒತ್ತುತ್ತೀಯಾ? ನಿಲ್ಲಿಸು. ಅವರಿಗೂ ಹೇಳಿ ನಿಲ್ಲಿಸು. ತನ್ನ ಬ್ಲಾಗಿನ ಜಾಹೀರಾತನ್ನು ತಾನೇ ಒತ್ತುವುದು ಮೋಸ ಅಂತ ಆ ಕಂಪನಿಗಳ ನಿಯಮ. ಗೊತ್ತಾದರೆ ಖಾತೆ ಮುಚ್ಚಿ, ಅಂಕಿಯಲ್ಲಿ ಇದ್ದದ್ದನ್ನೂ ಕೊಡುವುದಿಲ್ಲ. ನಮ್ಮ ಲ್ಯಾಬಿನ ಕಂಪ್ಯೂಟರಿನವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ತಕ್ಷಣ.

ಸಿಡುಕಿ


ಜೂನ್ 12

ಸಿಡುಕಿಗೆ,

ನಿನ್ನ ಕಾಗದ ನಿನ್ನೆ ಬಂತು. ಕಂಪನಿಯದು ಮೊನ್ನೆಯೇ ಬಂದಿತ್ತು.

ನೀನು ಬರೆದ ಹಾಗೆಯೇ ಆಗಿದೆ. ಖಾತೆ ಮುಚ್ಚಿದ್ದಾರೆ, ಅಂಕಿ ಸೊನ್ನೆ ಮಾಡಿದ್ದಾರೆ, ಇನ್ನು ಎಂದೆಂದಿಗೂ ನನ್ನ ಗೋಡೆಗೆ ಅವರ ಪೋಸ್ಟರಿಲ್ಲ. ಇಂಗ್ಲಿಷಿನಲ್ಲಿ ಒಂದು ಪುಟ. ಮೇಷ್ಟ್ರು ಇದ್ದಿದ್ದರೆ ಅದಕ್ಕೂ ಮಾರ್ಕು ಹಾಕುತ್ತಿದ್ದರು, ಒಂದು ತಪ್ಪಿಲ್ಲ. ನಾನು ಉತ್ತರ ಬರೆದೆ. 'ಐ ಹಂಬ್ಲಿ ಬೆಗ್ ಟು ಸ್ಟೇಟ್' ಎಂದು ಶುರು ಮಾಡಿದವನು ಬೆಗ್ ಹೊಡೆದು ಹಾಕಿದೆ, ಆಮೇಲೆ ಹಂಬ್ಲಿಯನ್ನೂ ಹೊಡೆದು ಹಾಕಿದೆ. ಅವರು ಓದುವುದಿಲ್ಲವಂತೆ, ಕಳಿಸಿದ ಅರೆ ಗಳಿಗೆಯಲ್ಲಿ "ಇದು ಅಂತಿಮ" ಎಂದು ಬಂತು. ಕನ್ನಡಕದವನು ಹೇಳಿದ, "ಅಲ್ಲಿ ಮನುಷ್ಯರೇ ಇಲ್ಲ ಕಣೋ, ಯಂತ್ರ ಉತ್ತರ ಕೊಡುತ್ತೆ." ಯಂತ್ರವಾದರೆ ನನ್ನ ಬೆಂಚಿಗೆ ತನ್ನಿ, ಬಿಚ್ಚಿ ನೋಡುತ್ತೇನೆ.

ಮೋಸ ಎಂದು ನೀನೂ ಬರೆದಿದ್ದೀಯ. ಅದೊಂದು ಮಾತಿಗೆ ಉತ್ತರ ಕೊಡುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ.

ನಿನ್ನ ಅಮ್ಮ ದಿನಾ ಬೆಳಿಗ್ಗೆ, ನಾನು ಷಟರ್ ಎತ್ತಿದ ಕೂಡಲೇ, ಅಂಗಡಿಗೆ ಬಂದು ಒಂದು ಸೂಜಿ ಕೊಳ್ಳುತ್ತಿದ್ದಳು. ದುಡ್ಡು ಕೊಟ್ಟು. ಮನೆಯಲ್ಲಿ ತಿಂಡಿ ಬಡಿಸಿದವಳೇ, ಅಂಗಡಿಗೆ ಬಂದಾಗ ಹೊರಗಡೆ ನಿಂತು, "ಒಂದು ಹದಿನಾರು ನಂಬರ್ ಸೂಜಿ ಕೊಡಿ" ಅನ್ನುತ್ತಿದ್ದಳು. ನಾನು, "ಚಿಲ್ಲರೆ ಕೊಡಿ ಅಮ್ಮಾ" ಅನ್ನಬೇಕು. ಹಾಗೆ ಅನ್ನದಿದ್ದರೆ ಕೊಳ್ಳುತ್ತಿರಲಿಲ್ಲ. ಮೊದಲ ವರ್ಷ ಹತ್ತು ದಿನ ಯಾರೂ ಬಾರದೆ ನಾನು ಮಂಕಾಗಿ ಕೂತಿದ್ದೆ, ಆಗ ಶುರು ಮಾಡಿದ್ದು. ಬಿಡಲೇ ಇಲ್ಲ. ಅವಳು ಹೋದ ಮೇಲೆ ಬೀರುವಿನಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ಸೂಜಿ ಸಿಕ್ಕವು, ಒಂದಕ್ಕೂ ದಾರ ಪೋಣಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಇದ್ದಾಗ ಎಂಟೂವರೆಗೆ ದಿಂಬಿನ ಕೆಳಗಿಂದ ಚಿಲ್ಲರೆ ತೆಗೆದು ನನ್ನ ಅಂಗೈಯಲ್ಲಿ ಇಡುತ್ತಿದ್ದಳು. "ಹೋಗಿ ಬಾಗ್ಲು ತೆಗೀರಿ. ನನ್ನ ಸೂಜಿ ಎತ್ತಿಡಿ. ಮಧ್ಯಾಹ್ನ ತಂದ್ಕೊಡಿ." ನೀನು ಒಂಬತ್ತೂವರೆಗೆ ಬರುತ್ತಿದ್ದೆ. ನಿನಗೆ ನನ್ನ ಖಾಲಿ ಕುರ್ಚಿ ಕಾಣುತ್ತಿತ್ತು.

ಜಾಹೀರಾತು ಒತ್ತಿದ್ದು ಹಾಗೆ. ಮೊದಲ ವ್ಯಾಪಾರ ನಮ್ಮವರೇ ಮಾಡಬೇಕು ಎಂದುಕೊಂಡೆ. ಅದು ಮೋಸವಾದರೆ ನಿನ್ನ ಅಮ್ಮ ಇಪ್ಪತ್ತೆಂಟು ವರ್ಷ ಮೋಸ ಮಾಡಿದ್ದಾಳೆ.

ಅಪ್ಪ


ಜುಲೈ 20

ಅಪ್ಪಾ,

ಸೂಜಿಯ ವಿಷಯ ನನಗೆ ಗೊತ್ತಿರಲಿಲ್ಲ.

ಇಷ್ಟು ದಿನ ತಡವಾಯಿತು. ಮೂರು ಸಲ ಬರೆದು ಹರಿದೆ. ಒಂದು ಮಾತು ಹೇಳಲೇಬೇಕು. ಜೂನ್ ಮೂರರಂದು ನಾನು ಫೋನ್ ಮಾಡಬಹುದಿತ್ತು. ಕಾಗದ ತಲುಪುವುದಕ್ಕೆ ಎಂಟು ದಿನ ಬೇಕು ಎಂದು ಗೊತ್ತಿದ್ದೂ ಕಾಗದ ಬರೆದೆ. 'ತಕ್ಷಣ' ಅಂತ ಬೇರೆ ಬರೆದು ಅಂಚೆ ಪೆಟ್ಟಿಗೆಗೆ ಹಾಕಿದೆ. ನಮ್ಮ ಮನೆಯವರು ನಿಷ್ಠುರವಾಗಿ ಕೇಳಿದರು, "ನೀನು ಗೆಲ್ಲೋಕೆ ಹಾಗ್ ಮಾಡಿದ್ಯಾ?" ಇಲ್ಲ ಅಂದೆ. ಆಮೇಲೆ ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಈಗಲೂ ಯೋಚಿಸುತ್ತಿದ್ದೇನೆ.

ಪಂದ್ಯ ಬಿಟ್ಟುಬಿಡೋಣ. ಸೋಲು ಗೆಲುವು ಬೇಡ, ಸುಮ್ಮನೆ ಬಂದುಬಿಡು. ಬರುವಾಗ ಬೆಂಚೂ ತಾ, ಹಿಂದಿನ ಕೋಣೆಯ ಬಾಗಿಲಲ್ಲಿ ಹಿಡಿಸುತ್ತದೆ, ಅಳತೆ ತೆಗೆದು ನೋಡಿದ್ದೇನೆ.

ಸಿಡುಕಿ


ಅಕ್ಟೋಬರ್ 2

ಪ್ರೀತಿಯ ಸಿಡುಕಿಗೆ,

ಪಂದ್ಯ ಬಿಡುವುದಿಲ್ಲ. ನವೆಂಬರ್ ಎಂದರೆ ನವೆಂಬರ್. ನೀನು ಬರವಣಿಗೆಯಲ್ಲಿ ಕೇಳಿದ್ದೆ, ನನ್ನ ಹತ್ತಿರ ಬರವಣಿಗೆ ಇದೆ.

ಎರಡು ತಿಂಗಳು ಏಕೆ ಬರೆಯಲಿಲ್ಲವೆಂದರೆ ಪುರುಸೊತ್ತಿರಲಿಲ್ಲ. ಖಾತೆ ಮುಚ್ಚಿದ ದಿನ ನಾನು ಆದದ್ದನ್ನೆಲ್ಲ ಹಾಗೇ ಬ್ಲಾಗಿನಲ್ಲಿ ಬರೆದುಬಿಟ್ಟೆ, ಸೂಜಿಯದೊಂದು ಬಿಟ್ಟು. ಅದು ಮನೆಯ ಮಾತು. ನನ್ನ ಜಾಹೀರಾತನ್ನು ನಾನೇ ಒತ್ತಿ ಕೆಟ್ಟೆ, ನೀವು ಹಾಗೆ ಮಾಡಬೇಡಿ ಎಂದೆ. ಪರದೆಯಮ್ಮ, "ಮಾನ ಹೋಗ್ಲಿ, ಅದನ್ನ ಡಂಗುರ ಬೇರೆ ಸಾರ್ಬೇಕಾ?" ಅಂದಳು. ಸಾರಿದ್ದಾಯಿತು. ಪಾಠ ಬರೆಯುವುದನ್ನೂ ನಿಲ್ಲಿಸಲಿಲ್ಲ. ಚಪ್ಪಲಿ, ಚಹಾಪುಡಿ ಇಲ್ಲದೆ ಪುಟ ಈಗ ಒರೆಸಿದ ಬೆಂಚಿನ ಹಾಗೆ ಚೆನ್ನಾಗಿ ಕಾಣುತ್ತದೆ.

ಆಗಸ್ಟಿನಲ್ಲಿ ಎಲ್ಲೋ ದೂರದ ಒಬ್ಬಳು ದರ್ಜಿ, ನಾನು ಕಾಣದ ಊರು, ಬ್ಲಾಗಿನ ಕೆಳಗೆ ಬರೆದಳು: ಮಿಷನ್ ಸದ್ದು ಮಾಡುತ್ತದೆ, ಹತ್ತಿರದಲ್ಲಿ ಮೆಕ್ಯಾನಿಕ್ ಇಲ್ಲ, ಸಮವಸ್ತ್ರದ ಆರ್ಡರು ತಲೆಯ ಮೇಲಿದೆ. ಎಂಥ ಸದ್ದು ಎಂದು ಬರೆದು ತಿಳಿಸುವುದು ಹೇಗೆ? ಫೋನನ್ನು ಮಿಷನ್ನಿನ ತೋಳಿನ ಮೇಲಿಟ್ಟು ಸದ್ದು ಹಿಡಿದು ಕಳಿಸಮ್ಮ ಎಂದೆ. ಕಳಿಸಿದಳು. ನಾನು ಎರಡು ಸಲ ಕೇಳಿದೆ. ಕೊಕ್ಕೆಯ ಹಿಂದೆ ದಾರದ ತುಂಡು ಸಿಕ್ಕಿದೆ, ಎರಡು ತಿರುಪು ಬಿಚ್ಚು, ಚಿಮುಟದಿಂದ ತೆಗಿ, ಒಂದು ಹನಿ ಎಣ್ಣೆ ಬಿಡು ಎಂದೆ. ಅರ್ಧ ಗಂಟೆಯಲ್ಲಿ ಬರೆದಳು, "ಯಜಮಾನರೇ, ಓಡ್ತಿದೆ."

ಇದು ನನಗೇನೂ ದೊಡ್ಡದಲ್ಲ. ಅಂಗಡಿಯಲ್ಲೂ ನಾನು ಮೊದಲು ಬಿಚ್ಚುವುದಿಲ್ಲ, ಕಣ್ಣು ಮುಚ್ಚಿ ಕೇಳುತ್ತೇನೆ. ಗಿರಾಕಿಗಳು ನಿದ್ದೆ ಎಂದುಕೊಳ್ಳುತ್ತಾರೆ.

ಅವಳು ನಾಲ್ಕು ಜನಕ್ಕೆ ಹೇಳಿದಳು, ಅವರು ಹತ್ತು ಜನಕ್ಕೆ. ಬಿಟ್ಟಿಯಾಗಿ ಹೇಳುತ್ತಾ ಕೂತಿದ್ದೆ. ಒಂದು ದಿನ ಪರದೆಯಮ್ಮ ಮಿಷನ್ನಿನ ಬೆಲ್ಟು ಕೊಳ್ಳಲು ಬಂದವಳು ಸೊಂಟಕ್ಕೆ ಕೈ ಇಟ್ಟು ನಿಂತಳು. "ಲೋಕಕ್ಕೆಲ್ಲ ಪುಕ್ಸಟ್ಟೆ, ಮೂಲೆ ಮನೆಯವಳಿಗೆ ಮಾತ್ರ ರೇಟು. ಅವರ ಹತ್ರ ಇಸ್ಕೊಳ್ರೀ. ಇಲ್ಲಾ ನನಗೂ ಪುಕ್ಸಟ್ಟೆ ಕೊಡಿ." ಅವಳಿಗೆ ಬೆಲ್ಟು ಬಿಟ್ಟಿ ಕೊಡುವ ಭಯಕ್ಕೆ ಅವತ್ತೇ ಬ್ಲಾಗಿನ ತಲೆಯ ಮೇಲೆ ಬರೆದೆ: ಸದ್ದು ಕಳಿಸಿ, ರೋಗ ಹೇಳುತ್ತೇನೆ, ಇಷ್ಟು ಫೀಸು. ಹೇಳಿದ್ದು ತಪ್ಪಾದರೆ ವಾಪಸು.

ನಲವತ್ತು ಸದ್ದಿನ ಫೀಸು ಸೇರಿದರೆ ಒಂದು ತಿಂಗಳ ಬಾಡಿಗೆ. ಸೆಪ್ಟೆಂಬರಿನಲ್ಲಿ ಹದಿನೇಳು ಬಂದವು. ಒಂದು ವಾಪಸು ಕೊಟ್ಟೆ, ಅದು ಮಿಷನ್ನಿನ ಸದ್ದೇ ಅಲ್ಲ, ಹಿಂದೆ ಫ್ಯಾನು ತಿರುಗುತ್ತಿತ್ತು.

ಬಾಗಿಲಿನ ಅಳತೆ ತೆಗೆದಿದ್ದೀಯ, ಸಂತೋಷ. ಬೆಂಚಿನ ಅಳತೆ ಯಾರು ಕೊಟ್ಟರು? ಅದು ಇಲ್ಲಿಂದ ಕದಲುವುದಿಲ್ಲ. ಅಳಿಯಂದಿರಿಗೆ ಹೇಳು, ಪಾತ್ರೆ ತೊಳೆಯುವುದಕ್ಕೆ ಮುಂಚೆ ಯಾರನ್ನೂ ಅಂಥ ಪ್ರಶ್ನೆ ಕೇಳಬಾರದು. ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಯುವರ್ಸ್ ಎವರ್,
ಅಪ್ಪ


ಡಿಸೆಂಬರ್ 1

ಪ್ರೀತಿಯ ಸಿಡುಕಿಗೆ,

ಫಲಿತಾಂಶ ಬರೆಯುತ್ತಿದ್ದೇನೆ. ಅಕ್ಟೋಬರಿನಲ್ಲಿ ಇಪ್ಪತ್ತೊಂಬತ್ತು. ನವೆಂಬರ್ ಇಪ್ಪತ್ತೇಳಕ್ಕೆ ಮೂವತ್ತೊಂಬತ್ತು. ಕನ್ನಡಕದವನು ತನ್ನ ಅಂಗಡಿ ಬಿಟ್ಟು ಬಂದು ನನ್ನ ಬೆಂಚಿನ ಮೇಲೇ ಕೂತಿದ್ದ. ಇಪ್ಪತ್ತೆಂಟಕ್ಕೆ ನಲವತ್ತನೆಯದು ಬಂತು. ಫೀಸು ಮೊದಲೇ ಕಟ್ಟಿ, ಹೆಸರಿನ ಜಾಗದಲ್ಲಿ 'ಒಬ್ಬ ಗ್ರಾಹಕಿ' ಎಂದು ಬರೆದು, ಮುಕ್ಕಾಲು ನಿಮಿಷದ ಸದ್ದು. ಕನ್ನಡಕದವನು ನನ್ನ ಬೆನ್ನಿಗೆ ಗುದ್ದಿ, "ಗೆದ್ದೆ ಕಣೋ" ಅಂದ. ತಾಳು, ಇನ್ನೂ ಕೇಳಿಲ್ಲ ಅಂದೆ.

ಕೇಳಿದೆ.

ಕಾಲಲ್ಲಿ ತುಳಿಯುವ ಮಿಷನ್ನಿನಲ್ಲಿ ಪೆಡಲಿನಿಂದ ಚಕ್ರಕ್ಕೆ ಒಂದು ಉದ್ದ ಕಡ್ಡಿ ಹೋಗುತ್ತದೆ. ಅದರ ಬುಡದಲ್ಲಿ ಬಳೆಯಂಥ ಒಂದು ಬುಷ್ ಇರುತ್ತದೆ. ಎಲ್ಲ ಕಂಪನಿಯವರೂ ಲೋಹದ್ದು ಹಾಕುತ್ತಾರೆ. ಮದುವೆಯಾದ ವರ್ಷ ಒಂದು ಮಿಷನ್ನಿಗೆ ಅದು ಸವೆದು, ಹೊಸದು ಸಿಗದೆ, ನಾನು ಕುರ್ಚಿಯ ಮುರಿದ ಕಾಲನ್ನು ಕೆತ್ತಿ ಮರದ ಬುಷ್ ಮಾಡಿ ಹಾಕಿದ್ದೆ. ನಾಳೆ ಬದಲಾಯಿಸುತ್ತೇನೆ ಎಂದಿದ್ದೆ. ನಿನ್ನ ಅಮ್ಮ ಬೇಡ ಅಂದಳು. ಕಬ್ಬಿಣದ ಮೇಲೆ ಮರ ಉಜ್ಜುವ ಆ ಸದ್ದು ನಾನು ಕೇಳಿದ ಮಿಷನ್ನುಗಳಲ್ಲಿ ಒಂದಕ್ಕೇ ಇದೆ. ಮೂರು ವರ್ಷದ ಹಿಂದೆ ನೀನು ಅದನ್ನು ತೆಗೆದುಕೊಂಡು ಹೋಗಿ, ಆಮೇಲೆ ಯಾವುದೋ ತರಬೇತಿ ಕೇಂದ್ರಕ್ಕೆ ಕೊಟ್ಟೆ ಎಂದಿದ್ದೆ. ನಾನು ಸರಿ ಎಂದಿದ್ದೆ. ಈಗಲೂ ಸರಿಯೇ.

ತುಳಿಯುವವರು ಹೊಸಬರು. ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದಕ್ಕೆ ಬರುತ್ತದೆ. ಹಿಮ್ಮಡಿ ಎತ್ತಬೇಡ, ಪೂರ್ತಿ ಪಾದ ಊರು. ನಾಲ್ಕನೇ ಪಾಠದಲ್ಲಿ ಬರೆದಿದ್ದೇನೆ. ಓದಿರುತ್ತೀಯ, ಮಾಡಿಲ್ಲ.

ರೋಗ ಇಷ್ಟೇ: ಮರ ಒಣಗಿದೆ. ಎಣ್ಣೆ ಹಾಕಬೇಡ, ಊದಿಕೊಂಡು ಸೀಳುತ್ತದೆ. ಮೇಣದ ಬತ್ತಿ ತಿಕ್ಕು.

ನಿನ್ನ ಫೀಸು ವಾಪಸು ಕಳಿಸಿದ್ದೇನೆ. ಕನ್ನಡಕದವನು ಕೂಗಾಡಿದ, "ಇಟ್ಕೋ ಮಾರಾಯ, ಗಿರಾಕಿ ಗಿರಾಕಿನೇ." ಆಗುವುದಿಲ್ಲ. ನಮ್ಮವರೇ ಒತ್ತಿದ್ದು ಲೆಕ್ಕಕ್ಕಿಲ್ಲ, ಆ ನಿಯಮ ನಾನು ದುಬಾರಿ ಬೆಲೆ ಕೊಟ್ಟು ಕಲಿತದ್ದು. ಉಳಿದ ಎರಡು ದಿನ ಬೇರೆ ಸದ್ದು ಬರಲಿಲ್ಲ. ಸೋ, ಮೂವತ್ತೊಂಬತ್ತು. ಒಂದು ಕಡಿಮೆ. ನಾನು ಪಂದ್ಯದಲ್ಲಿ ಸೋತಿದ್ದೇನೆ. ಕೈಯಾರೆ ಬರೆದು ಸಹಿ ಹಾಕುತ್ತಿದ್ದೇನೆ, ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕು.

ಈಗ ಎರಡನೇ ವಿಷಯ. ಸೋತವನು ಅಂಗಡಿ ಮುಚ್ಚಬೇಕು. ನಾನು ಮುಚ್ಚುವುದಿಲ್ಲ. ಸಬೂಬು ಹೇಳುವುದಿಲ್ಲ, ತಿಂಗಳ ಗಡುವು ಕೇಳುವುದಿಲ್ಲ, ಆರೋಗ್ಯದ ಮಾತು ತರುವುದಿಲ್ಲ. ಮಾತು ಕೊಟ್ಟಿದ್ದೆ, ಆ ಮಾತಿಗೆ ತಪ್ಪುತ್ತಿದ್ದೇನೆ. ನಾನು ಒತ್ತಿದ್ದಕ್ಕೆ ಕಂಪನಿ ಮೋಸ ಎಂದಾಗ ಸಿಟ್ಟು ಬಂದಿತ್ತು. ಈಗ ಮಾಡುತ್ತಿರುವುದನ್ನು ನೀನು ಮೋಸ ಎಂದರೆ ನಾನು ಎದುರಾಡುವುದಿಲ್ಲ. ಕಡಿಮೆ ಬಿದ್ದ ಒಂದು ಫೀಸಿಗೆ ಪರದೆಯಮ್ಮನಿಗೆ ಇನ್ನೊಂದು ಬೆಲ್ಟು ಮಾರಿದ್ದೇನೆ, ಬಾಡಿಗೆ ಕಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಷಟರ್ ಎತ್ತಿದ್ದೇನೆ.

ಬೈಯುವುದಿದ್ದರೆ ಕಾಗದ ಬರಿ. ಫೋನೂ ಮಾಡಬಹುದು.

ನಥಿಂಗ್ ಮೋರ್ ಟು ಸ್ಟೇಟ್,
ಅಪ್ಪ


ಡಿಸೆಂಬರ್ 10

ಅಪ್ಪಾ,

ಮೇಣ ತಿಕ್ಕಿದೆ. ಹಿಮ್ಮಡಿ ಊರಿದೆ. ನಾಲ್ಕನೇ ಪಾಠ ಓದಿದ್ದೆ, ಎರಡು ಸಲ.

ಸದ್ದು ಹೋಗಿಲ್ಲ. ನೀನು ಹೇಳಿದ ರೋಗ ತಪ್ಪು. ಬ್ಲಾಗಿನಲ್ಲಿ ನೀನೇ ಬರೆದಿದ್ದೀಯ, ತಪ್ಪಾದರೆ ಫೀಸು ವಾಪಸು ಅಂತ. ಫೀಸು ಆಗಲೇ ವಾಪಸು ಬಂದಿದೆ, ಹಾಗಾಗಿ ಜಗಳಕ್ಕೆ ನನಗೆ ದಾರಿ ಇಲ್ಲ. ಅವರು ಬಗ್ಗಿ ಕಿವಿ ಇಟ್ಟು ಕೇಳಿ, "ಸದ್ದೇ ಇಲ್ವಲ್ಲೇ" ಅಂದರು. ಅವರಿಗೆ ಮಿಷನ್ ಬಗ್ಗೆ ಏನು ಗೊತ್ತು?

ಮೆಕ್ಯಾನಿಕ್ ಬಂದು ನೋಡಬೇಕು. ಮೆಕ್ಯಾನಿಕ್ ಅಂದೆ, ಗಮನಿಸು. ಇರುವುದಕ್ಕೆ ಬಾ ಅನ್ನುತ್ತಿಲ್ಲ. ಹಿಂದಿನ ಕೋಣೆಯಲ್ಲಿ ಈಗ ಮಿಷನ್ ಇದೆ, ಮಂಚ ಹಿಡಿಸುವುದಿಲ್ಲ.

ಮನೆಗೆ ಬಂದು ನೋಡುವುದಕ್ಕೆ ಎಷ್ಟು ತೆಗೆದುಕೊಳ್ಳುತ್ತೀಯ, ತಿಳಿಸು.

ಸಿಡುಕಿ


ಡಿಸೆಂಬರ್ 18

ಗ್ರಾಹಕಿಯವರಿಗೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್ ಹತ್ತು ಡಿಸೆಂಬರ್: ಮನೆ ಭೇಟಿಗೆ ಫೀಸು ಬೇರೆ, ಬಸ್ ಚಾರ್ಜು ಬೇರೆ, ಮಧ್ಯಾಹ್ನದ ಊಟ ಗಿರಾಕಿಯ ಜವಾಬ್ದಾರಿ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ನಾನು ಬರುವವರೆಗೆ ಮಿಷನ್ ಬಿಚ್ಚಬೇಡ.

ಅವತ್ತೇ ಸಂಜೆ ಐದರ ಬಸ್ಸಿಗೆ ವಾಪಸು ಹೊರಡುತ್ತೇನೆ. ಸೋಮವಾರ ಅಂಗಡಿ ಇದೆ.

ಮೆಕ್ಯಾನಿಕ್